ಲೆಕ್ಕದಲ್ಲಿ ಎಡವುವ ಮನಸ್ಸು ಊಹೆಯಲ್ಲಿ ಗೆಲ್ಲುವುದು ಹೇಗೆ?

ಪ್ರಶ್ನೆ: ಸಂಭವನೀಯತೆಯ ಲೆಕ್ಕದಲ್ಲಿ ಜನ ಪದೇ ಪದೇ ತಪ್ಪುತ್ತಾರೆ ಎಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ ತೋರಿಸಿದರು. ಈಗ ನೋಡಿದರೆ ಮನಸ್ಸು ಬೇಯ್ಸ್ ನಿಯಮದಂತೆ, ಅಂದರೆ ಮೊದಲೇ ಇದ್ದ ನಂಬಿಕೆಯನ್ನು ಹೊಸ ಮಾಹಿತಿಯ ಜೊತೆ ತೂಗಿ ತಿದ್ದಿಕೊಳ್ಳುವ ಸೂತ್ರದಂತೆ, ನಡೆಯುತ್ತದೆ ಎನ್ನುತ್ತಾರೆ. ಎರಡೂ ನಿಜ ಆಗೋಕೆ ಸಾಧ್ಯವೇ?

ಉತ್ತರ: ಸಾಧ್ಯ. ಕಾಗದದ ಮೇಲೆ ಕೊಟ್ಟ ಶೇಕಡಾವಾರು ಲೆಕ್ಕ ಬಿಡಿಸುವುದೇ ಬೇರೆ, ಅನುಭವದಿಂದ ಊಹಿಸುವುದೇ ಬೇರೆ.

ಸಂಶೋಧಕರಾದ ಗ್ರಿಫಿತ್ಸ್ ಮತ್ತು ಟೆನೆನ್‌ಬಾಮ್ 2006ರಲ್ಲಿ ಜನರಿಗೆ ತೀರಾ ಸರಳ ಪ್ರಶ್ನೆಗಳನ್ನು ಕೇಳಿದರು. ಒಬ್ಬನಿಗೆ ಈಗ 18 ವರ್ಷ, ಒಟ್ಟು ಎಷ್ಟು ವರ್ಷ ಬದುಕಬಹುದು? ಹೆಚ್ಚಿನವರು ಸುಮಾರು 75 ಎಂದರು. 96 ವರ್ಷದವನ ಬಗ್ಗೆ ಕೇಳಿದಾಗ ಇನ್ನು ಕೆಲವೇ ವರ್ಷ ಸೇರಿಸಿದರು. ಸಿನಿಮಾ ಗಳಿಕೆಯ ಪ್ರಶ್ನೆಗೆ ಮಾತ್ರ ಊಹೆಯ ರೀತಿಯೇ ಬದಲಾಯಿತು: ಈಗಾಗಲೇ ಜಾಸ್ತಿ ಗಳಿಸಿದ್ದು ಮುಂದೆಯೂ ಜಾಸ್ತಿ ಗಳಿಸುತ್ತದೆ ಎಂದು ಅಂದಾಜಿಸಿದರು. ಜಗತ್ತಿನ ನಿಜವಾದ ಅಂಕಿಅಂಶಗಳನ್ನು ಬೇಯ್ಸ್ ನಿಯಮಕ್ಕೆ ಹಾಕಿದರೆ ಬರುವ ಉತ್ತರವೂ ಹೆಚ್ಚು ಕಡಿಮೆ ಇದೇ. ಪ್ರಾಚೀನ ಈಜಿಪ್ಟಿನ ರಾಜರಾದ ಫೇರೋಗಳ ಆಳ್ವಿಕೆಯ ವಿಷಯದಲ್ಲಿ ಜನ ತಪ್ಪಿದರು, ಅವಧಿಯನ್ನು ಹೆಚ್ಚೇ ಊಹಿಸಿದರು. ನನಗೆ ಇದು ತುಂಬಾ ಇಷ್ಟವಾದ ಫಲಿತಾಂಶ. ಯೋಚಿಸುವ ದಾರಿ ಸರಿಯಿತ್ತು, ಕೈಯಲ್ಲಿದ್ದ ಮಾಹಿತಿ ಸರಿಯಿರಲಿಲ್ಲ.

ಹಾಗಾದರೆ ಮಿದುಳು ಒಳಗೆ ಕೂತು ಗುಣಾಕಾರ ಮಾಡುತ್ತಾ? ಬೇಯ್ಸ್ ನಿಯಮದಿಂದ ಮನಸ್ಸನ್ನು ವಿವರಿಸುವ ಮಾದರಿಗಳು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಮನಸ್ಸಿನ ಮುಂದಿರುವ ಸಮಸ್ಯೆ ಏನು, ಅದಕ್ಕೆ ಒಳ್ಳೆಯ ಪರಿಹಾರ ಹೇಗಿರಬೇಕು ಎಂಬುದನ್ನಷ್ಟೇ ಹೇಳುತ್ತವೆ. ನರವಿಜ್ಞಾನಿ ಡೇವಿಡ್ ಮಾರ್ ಗುರುತಿಸಿದ ಮೂರು ಹಂತಗಳಲ್ಲಿ (ಸಮಸ್ಯೆ ಏನು, ಬಿಡಿಸುವ ವಿಧಾನ ಯಾವುದು, ಮಿದುಳಿನಲ್ಲಿ ಅದು ನಡೆಯುವುದು ಹೇಗೆ) ಇದು ಮೊದಲನೆಯದು. 1990ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಆಂಡರ್‌ಸನ್ ಕಟ್ಟಿದ ತರ್ಕಬದ್ಧ ವಿಶ್ಲೇಷಣೆಯೂ (ಪರಿಸರ ಒಡ್ಡುವ ಸಮಸ್ಯೆಗೆ ಒಳ್ಳೆಯ ಪರಿಹಾರ ಯಾವುದು ಎಂಬುದರಿಂದ ವರ್ತನೆಯನ್ನು ವಿವರಿಸುವ ವಿಧಾನ) ಇದೇ ಜಾಡಿನದು.

ತೊಂದರೆ ಇರುವುದು ಬೇರೆ ಕಡೆ. ಮನಸ್ಸಿನಲ್ಲಿ ಮೊದಲೇ ಇದ್ದ ನಂಬಿಕೆ ಯಾವುದು ಎಂಬುದನ್ನು ಸಂಶೋಧಕರೇ ತಮಗೆ ಬೇಕಾದಂತೆ ಇಟ್ಟುಕೊಂಡರೆ ಯಾವ ವರ್ತನೆಯನ್ನು ಬೇಕಾದರೂ ತರ್ಕಬದ್ಧ ಎಂದು ತೋರಿಸಬಹುದು, ಅಲ್ವಾ? 2011ರಲ್ಲಿ ಸಂಶೋಧಕರಾದ ಜೋನ್ಸ್ ಮತ್ತು ಲವ್ ಇಂಥ ಸಡಿಲತೆಯನ್ನೇ ಗಟ್ಟಿಯಾಗಿ ಟೀಕಿಸಿದರು. ಆ ಟೀಕೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಅದಕ್ಕೇ 2006ರ ಪ್ರಯೋಗ ನನಗೆ ಮುಖ್ಯ ಅನ್ನಿಸುವುದು: ಅಲ್ಲಿ ಮೊದಲಿನ ನಂಬಿಕೆಯ ಜಾಗಕ್ಕೆ ಬಂದದ್ದು ಹೊರಗೆ ಅಳೆದು ತಂದ ಅಂಕಿಗಳು.

ಕಾನೆಮನ್ ಮತ್ತು ಟ್ವರ್ಸ್ಕಿ ಕಂಡ ತಪ್ಪುಗಳೂ ಸುಳ್ಳಾಗುವುದಿಲ್ಲ. ಸಮಯ ಕಡಿಮೆ, ನೆನಪಿಗೂ ಮಿತಿಯಿದೆ. ಹಾಗಾಗಿ ಮನಸ್ಸು ಎಲ್ಲ ಸಾಧ್ಯತೆಗಳನ್ನೂ ತೂಗದೆ ಒಂದೆರಡನ್ನಷ್ಟೇ ನೋಡಿ ತೀರ್ಮಾನಿಸುತ್ತಿರಬಹುದು. ಅದು ನಿಜವಾದರೆ ಕೆಲವು ತಪ್ಪುಗಳು ಆ ಉಳಿತಾಯಕ್ಕೆ ತೆತ್ತ ಬೆಲೆ. ಯಾವ ತಪ್ಪುಗಳು ಈ ಲೆಕ್ಕಕ್ಕೆ ಸೇರುತ್ತವೆ, ಯಾವುವು ಸೇರುವುದಿಲ್ಲ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.