ಪಳಗಿಸಿದ ಪ್ರಾಣಿಗಳಿಂದ ಕಳ್ಳತನ ಮಾಡಿಸುವ ಕ್ಲಾಸ್ ಬರೆಯೋದು ಹೇಗೆ?

ಡೈಸ್ ಹಾಕುತ್ತಾ ಕಥೆ ಕಟ್ಟಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಇಲಿ, ಕಾಗೆ, ಕೋತಿಗಳನ್ನು ಪಳಗಿಸಿ ಅವುಗಳಿಂದಲೇ ಕದಿಯುವ ಕೆಲಸ ಮಾಡಿಸೋ ಪಾತ್ರ ಬೇಕು, ಅದಕ್ಕೊಂದು ಹೊಸ ಕ್ಲಾಸ್ (ಪಾತ್ರದ ಕಸುಬು, ಅದರ ನಿಯಮಗಳು) ಬರೆಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಡಿಎಂ, ಅಂದರೆ ಆಟ ನಡೆಸುವವರು, ಆಗಿ ಇಂಥದ್ದೇ ಒಂದನ್ನು ಬರೆದು, ಗೆಳತಿಯೊಬ್ಬಳಿಗೆ ಆಡಲು ಕೊಟ್ಟು, ತಿದ್ದಿ ತಿದ್ದಿ ಒಂದು ಹದಕ್ಕೆ ತಂದಿದ್ದೇನೆ. ನನಗೆ ತುಂಬಾ ಇಷ್ಟದ ವಿಷಯ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಪೂರ್ತಿ ಕ್ಲಾಸ್ ಬರೆಯಲು ಹೋಗಬೇಡಿ. ಇಪ್ಪತ್ತು ಲೆವೆಲ್ ತುಂಬಿಸೋದು ದೊಡ್ಡ ಕೆಲಸ, ಅರ್ಧಕ್ಕೇ ಸಾಕಾಗಿಬಿಡುತ್ತದೆ. ಕಳ್ಳನಂಥ ರೋಗ್ ಕ್ಲಾಸಿಗೆ ಒಂದು ಸಬ್‌ಕ್ಲಾಸ್ (ಒಳಕವಲು) ಬರೆದರೆ ಸಾಕು. 3, 9, 13, 17, ಈ ನಾಲ್ಕು ಲೆವೆಲ್‌ಗಳಲ್ಲಿ ಮಾತ್ರ ನೀವು ಏನಾದರೂ ಕೊಡಬೇಕು. ಹೊಡೆದಾಟಕ್ಕೆ ರೋಗ್‌ನ ಸ್ನೀಕ್ ಅಟ್ಯಾಕ್ (ಹೊಂಚು ಹಾಕಿ ಹೊಡೆಯೋದು) ಹೇಗೂ ಇದೆ, ಪ್ರಾಣಿ ಕಚ್ಚಿ ಗೆಲ್ಲಿಸಬೇಕಾಗಿಲ್ಲ.

ಇನ್ನು ಮುಖ್ಯ ವಿಷಯ. ಪ್ರಾಣಿಯನ್ನು ನಿಮ್ಮ ಇನ್ನೊಂದು ಕೈ ಥರ ಮಾಡಿಬಿಡಬೇಡಿ. ಆ ಕೆಲಸಕ್ಕೆ ಮೇಜ್ ಹ್ಯಾಂಡ್ ಮಂತ್ರ ಈಗಾಗಲೇ ಇದೆ. 30 ಅಡಿ ದೂರದವರೆಗೆ ಕೆಲಸ ಮಾಡುತ್ತದೆ, 10 ಪೌಂಡ್ ಎತ್ತುತ್ತದೆ, ಆರ್ಕೇನ್ ಟ್ರಿಕ್‌ಸ್ಟರ್ ಅನ್ನೋ ಮಂತ್ರ ಬಲ್ಲ ರೋಗ್ ಬಳಸಿದರೆ ಕಣ್ಣಿಗೂ ಕಾಣಲ್ಲ. ನಿಮ್ಮ ಇಲಿಯೂ ಹೇಳಿದ್ದನ್ನು ಹೇಳಿದ ಹಾಗೇ ತಂದುಕೊಡುವುದಾದರೆ ಅದನ್ನು ಯಾಕೆ ಸಾಕಬೇಕು ಹೇಳಿ? ಪ್ರಾಣಿಗೆ ತನ್ನದೇ ಬುದ್ಧಿ ಇದೆ, ಹಸಿವಿದೆ, ಹೆದರಿಕೆ ಇದೆ. ಈ ಕ್ಲಾಸಿನ ಮಜಾ ಇರೋದೇ ಅಲ್ಲಿ.

ಅದಕ್ಕೆ ನಾನು 'ಪಾಠ' ಅಂತ ಒಂದು ಪದ್ಧತಿ ಇಟ್ಟೆ. ತಾ, ಬೀಳಿಸು, ಕೂಗು, ಕಡಿ, ಅಡಗು, ಹೀಗೆ ಒಂದೊಂದೇ ಪದದ ಪಾಠ. ಲೆವೆಲ್ ಏರಿದ ಹಾಗೆ ಬೆಳೆಯುವ ಪ್ರೊಫಿಶಿಯೆನ್ಸಿ ಬೋನಸ್ (ಪರಿಣತಿಯ ಅಂಕ) ಎಷ್ಟೋ ಅಷ್ಟು ಪಾಠ, ಅಂದರೆ 3ನೇ ಲೆವೆಲ್‌ನಲ್ಲಿ ಎರಡು, 17ಕ್ಕೆ ಬರುವಾಗ ಆರು. ಕಲಿತ ಪಾಠವನ್ನು ಪ್ರಾಣಿ ಕೇಳುತ್ತಾ ಇಲ್ವಾ ಅಂತ ಡೈಸ್ ಹಾಕುವ ಅಗತ್ಯ ಇಲ್ಲ. ಕಲಿಯದ ಕೆಲಸ ಹೇಳಿದರೆ ಅನಿಮಲ್ ಹ್ಯಾಂಡ್ಲಿಂಗ್ ಚೆಕ್, ಅಂದರೆ ಪ್ರಾಣಿ ಪಳಗಿಸುವ ಕೌಶಲಕ್ಕೆ ಡೈಸ್, ಬೇಕು. ಕದಿಯೋದಕ್ಕೆ ಬೇರೆ ರೋಲ್: ಡೈಸ್ ಅಂಕಕ್ಕೆ ಪ್ರಾಣಿಯ ಡೆಕ್ಸ್ಟೆರಿಟಿ (ಚುರುಕುತನ) ಕೊಡುವ ಮಾಡಿಫೈಯರ್, ಜೊತೆಗೆ ನಿಮ್ಮ ಪ್ರೊಫಿಶಿಯೆನ್ಸಿ, ಎಲ್ಲ ಸೇರಿ ಎದುರಿನವನ ಪ್ಯಾಸಿವ್ ಪರ್ಸೆಪ್ಷನ್ (ಸುಮ್ಮನಿದ್ದಾಗಲೂ ಇರುವ ಎಚ್ಚರದ ಅಂಕ) ಮುಟ್ಟಬೇಕು. ಯಾವ ಪ್ರಾಣಿ ಅನ್ನೋದೂ ಆಗ ಲೆಕ್ಕಕ್ಕೆ ಬರುತ್ತದೆ. 2014ರ ನಿಯಮಗಳ ಪ್ರಕಾರ ವೀಸೆಲ್ ಅನ್ನೋ ಮುಂಗುಸಿಯಂಥ ಪುಟ್ಟ ಪ್ರಾಣಿಗೆ ಡೆಕ್ಸ್ಟೆರಿಟಿ 16, ರೇವನ್ ಅನ್ನೋ ದೊಡ್ಡ ಕಾಗೆಗೆ 14, ಇಲಿಗೆ ಬರೀ 11.

ರೋಲ್ ಸೋತಾಗ "ಏನೂ ಸಿಗಲಿಲ್ಲ" ಅಂತ ಮಾತ್ರ ಹೇಳಬೇಡಿ. ಪ್ರಾಣಿ ಬೇರೆ ಏನನ್ನಾದರೂ ತರಲಿ. ನಮ್ಮ ಆಟದಲ್ಲಿ ಒಮ್ಮೆ ಗೆಳತಿಯ ವೀಸೆಲ್, ನಿದ್ದೆ ಹೋದ ಕಾವಲುಗಾರನ ಸೊಂಟದಿಂದ ಬೀಗದ ಕೈ ಗೊಂಚಲು ತರಬೇಕಿತ್ತು. ಡೈಸ್ ನಾಲ್ಕು ಬಿತ್ತು. ಅದು ಬೆಂಚಿನ ಕೆಳಗಿಂದ ನುಸುಳಿ, ಅವನ ಎದೆ ಹತ್ತಿ, ಗೊಂಚಲನ್ನು ಮೂಸಿಯೂ ನೋಡದೆ ಕೊರಳಿನ ಸೀಟಿಯ ದಾರ ಕಡಿದು, ಸೀಟಿ ಕಚ್ಚಿಕೊಂಡು ಓಡಿ ಬಂತು ಅಂತ ಹೇಳಿದೆ. ಅವಳ ಮುಖ ಸಪ್ಪಗಾಯಿತು. ಬೇರೆ ದಾರಿ ಇಲ್ಲದೆ ಬಾಗಿಲು ಮುರಿದು ಒಳಗೆ ಹೋದರು. ಸದ್ದಿಗೆ ಕಾವಲುಗಾರ ಎದ್ದ, ಉಳಿದವರನ್ನು ಕರೆಯೋಣ ಅಂತ ಕೊರಳಿಗೆ ಕೈ ಹಾಕಿದ, ಸೀಟಿ ಇಲ್ಲ! ಟೇಬಲ್‌ನಲ್ಲಿ ಇದ್ದವರೆಲ್ಲ ಎದ್ದು ಕೂಗಿದರು. ಗೊಂಚಲು ನೆಟ್ಟಗೆ ಬಂದಿದ್ದರೆ ಆ ಗಳಿಗೆ ಸಿಗುತ್ತಲೇ ಇರಲಿಲ್ಲ ಅಲ್ವಾ.

ಆಜ್ಞೆ ಕೊಡೋದನ್ನು ಬೋನಸ್ ಆಕ್ಷನ್ ಮಾಡಿ, ಅಂದರೆ ತನ್ನ ಸರದಿಯ ಮುಖ್ಯ ಕೆಲಸದ (ಆಕ್ಷನ್) ಜೊತೆ ಮಾಡಬಹುದಾದ ಇನ್ನೊಂದು ಚಿಕ್ಕ ಕೆಲಸ. 2014ರ ನಿಯಮಗಳಲ್ಲಿ ಬೀಸ್ಟ್ ಮಾಸ್ಟರ್ ರೇಂಜರ್ ಅನ್ನೋ ಪ್ರಾಣಿ ಸಾಕುವ ಪಾತ್ರ ತನ್ನ ಪ್ರಾಣಿಗೆ ದಾಳಿ ಮಾಡು ಅನ್ನೋದಕ್ಕೆ ಸ್ವಂತ ಆಕ್ಷನ್ನೇ ಕೊಡಬೇಕಿತ್ತು, ಆಡುವವರಿಗೆ ಅದು ದಂಡ ಕಟ್ಟಿದ ಹಾಗೆ ಅನಿಸುತ್ತಿತ್ತು. 2020ರಲ್ಲಿ ಬಂದ ಹೊಸ ಆಯ್ಕೆಯಲ್ಲಿ ಅದನ್ನು ಬೋನಸ್ ಆಕ್ಷನ್‌ಗೆ ಇಳಿಸಿದರು. ರೋಗ್‌ಗೆ ಓಡೋಕೆ, ಅಡಗೋಕೆ ಕೂಡ ಅದೇ ಬೋನಸ್ ಆಕ್ಷನ್ ಬೇಕು. ನಾನು ಅಡಗಲಾ, ಇಲಿಯನ್ನು ಕಳಿಸಲಾ ಅಂತ ಪ್ರತಿ ಟರ್ನ್‌ನಲ್ಲೂ ಯೋಚಿಸಬೇಕಾಗುತ್ತದೆ. ಆ ತಾಕಲಾಟ ಇರಲಿ, ತೆಗೆಯಬೇಡಿ.

ತೂಕದ ನಿಯಮವನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಬೇಡಿ. ರೇವನ್‌ಗೆ ಸ್ಟ್ರೆಂತ್ (ಬಲ) 2. ಅದನ್ನು 15ರಿಂದ ಗುಣಿಸಿ, ಪುಟ್ಟ ಪ್ರಾಣಿ ಅಂತ ಅರ್ಧ ಮಾಡಿದರೆ 15 ಪೌಂಡ್ ಬರುತ್ತದೆ. ಪೌಂಡಿಗೆ 50 ನಾಣ್ಯದ ಲೆಕ್ಕದಲ್ಲಿ ಒಂದೇ ಸಲಕ್ಕೆ 750 ನಾಣ್ಯ! ನಿಜವಾದ ರೇವನ್ ತೂಗೋದೇ ಒಂದು ಕಿಲೋ ಆಸುಪಾಸು. ಅಂಗೈಯಲ್ಲಿ ಹಿಡಿಸುವಂಥ ಒಂದೇ ಒಂದು ವಸ್ತು ಅಂತ ನಾನು ಬರೆದೆ, ಎಲ್ಲರೂ ಒಪ್ಪಿದರು.

ನಿಜವಾದ ಪ್ರಾಣಿಗಳ ಬಗ್ಗೆ ಓದಿದರೆ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಬಾಲಿಯ ಉಲುವಾಟು ದೇವಸ್ಥಾನದ ಕೋತಿಗಳು ಪ್ರವಾಸಿಗರ ಕನ್ನಡಕ, ಫೋನ್ ಕಿತ್ತುಕೊಂಡು, ತಿನ್ನೋಕೆ ಕೊಟ್ಟರೆ ವಾಪಸ್ ಕೊಡುತ್ತವೆ. ವಯಸ್ಸಾದ ಕೋತಿಗಳಂತೂ ಜನ ಯಾವುದಕ್ಕೆ ಜಾಸ್ತಿ ಬೆಲೆ ಕೊಡುತ್ತಾರೆ ಅನ್ನೋದನ್ನು ತಿಳಿದೇ ಎತ್ತುತ್ತವೆ. ಇದನ್ನು ನೋಡಿ ನಾನು ಕೋತಿಗೆ ಒಂದು ನಿಯಮ ಬರೆದೆ: ಕದ್ದದ್ದನ್ನು ಅದು ನಿಮಗೂ ಸುಮ್ನೆ ಕೊಡಲ್ಲ, ಕೈಯಲ್ಲಿ ತಿಂಡಿ ಇರಲೇಬೇಕು. ಇನ್ನು ಮ್ಯಾಗ್‌ಪೈ ಹಕ್ಕಿ ಹೊಳೆಯೋದನ್ನೆಲ್ಲ ಕದಿಯುತ್ತದೆ ಅನ್ನೋದು ಬರೀ ಕಥೆ. 2014ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದಾಗ ಅವು ಹೊಳೆಯುವ ವಸ್ತುಗಳಿಗೆ ಹೆದರಿ ದೂರ ಉಳಿದವು. ಹಾಗಾಗಿ ಹಕ್ಕಿ ತಾನಾಗಿಯೇ ಕದಿಯುತ್ತೆ ಅಂತ ಬಿಡಬೇಡಿ, ಕಲಿಸಿದ್ದಕ್ಕೆ ಕದಿಯಲಿ. ಕಲಿಸೋದಕ್ಕೆ ಆಟದೊಳಗೆ ವಾರಗಟ್ಟಲೆ ಸಮಯ ಕೊಡಿ.

2014ರ ನಿಯಮಗಳಲ್ಲಿ ರೇವನ್, ಇಲಿ, ವೀಸೆಲ್ ಮೂರಕ್ಕೂ ಹಿಟ್ ಪಾಯಿಂಟ್ (ಪ್ರಾಣದ ಅಂಕ) ಒಂದೇ ಒಂದು. ಒಂದು ಬೆಂಕಿ ಚೆಂಡು ಬಿದ್ದರೆ ಕಥೆ ಮುಗಿಯಿತು. ಹೆಸರಿಟ್ಟು ಸಾಕಿದ ಪ್ರಾಣಿ ಹಾಗೆ ಸಾಯೋದನ್ನು ನನ್ನಿಂದ ನೋಡೋಕಾಗಲ್ಲ. ಸೊನ್ನೆಗೆ ಇಳಿದರೆ ಅದು ಹೆದರಿ ಓಡಿಹೋಗುತ್ತದೆ, ಲಾಂಗ್ ರೆಸ್ಟ್ (ಉದ್ದನೆಯ ವಿಶ್ರಾಂತಿ) ಆದಮೇಲೆ ಕುಂಟುತ್ತಾ ಬರುತ್ತದೆ ಅಂತ ಬರೆಯಿರಿ. ಆಡುವವರು ಒಪ್ಪದೆ ಅದು ಸಾಯಬಾರದು.

ಒಂದು ಆಜ್ಞೆ, ಒಂದು ರೋಲ್, ಒಂದು ಫಲಿತಾಂಶ, ಅಷ್ಟೇ. ಇಲಿ ಹೋದ ದಾರಿಯನ್ನೆಲ್ಲ ಅರ್ಧ ಗಂಟೆ ವರ್ಣಿಸುತ್ತಾ ಕೂತರೆ ಉಳಿದ ನಾಲ್ಕು ಜನ ಸುಮ್ನೆ ಕಾಯಬೇಕಾಗುತ್ತದೆ.

ಮೊದಲು 3ನೇ ಲೆವೆಲ್‌ನದ್ದು ಮಾತ್ರ ಬರೆದು, ಎರಡೇ ಪಾಠ ಕೊಟ್ಟು ಎರಡು ಮೂರು ಸಲ ಆಡಿಸಿ ನೋಡಿ. ರಾತ್ರಿ ಕಳ್ಳತನ ಜಾಸ್ತಿ ಇರುವ ಕಥೆಯಾದರೆ ಇಲಿಯಿಂದ ಶುರು ಮಾಡಿ, ಅದಕ್ಕೆ 30 ಅಡಿ ಡಾರ್ಕ್‌ವಿಷನ್ (ಕತ್ತಲಲ್ಲೂ ಕಾಣುವ ಶಕ್ತಿ) ಇದೆ, ರೇವನ್‌ಗೆ ಇಲ್ಲ.