ಕತ್ತಲಲ್ಲಿ ಮೊದಲು ಕಾಲಿಡುವವನ ಕೈಗೆ

(ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಕಾಫಿ ಹೂ ಅರಳಲೆಂದು ಹೂ ನೀರು ಕೊಡುವ ದಿನಗಳಲ್ಲಿ ಅವರಿಗೆ ತ್ರೀ ಫೇಸ್ ಕರೆಂಟ್ ಸಿಗುವುದು ರಾತ್ರಿ. ಮೋಟಾರ್ ಹಾಕಲು ಕೆರೆಗೆ ಹೋಗುವ ದಾರಿಯಲ್ಲಿ ಆನೆ ನಿಂತಿರುತ್ತದೆ. ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗ ಅಲ್ಲಿ ಹಂದಿ ಬೇಟೆಗೆ ಬಳಸುವ ಥರ್ಮಲ್ ಮೊನಾಕ್ಯುಲರ್, ಅಂದರೆ ಮೈಶಾಖವನ್ನು ಚಿತ್ರವಾಗಿ ತೋರಿಸುವ ಒಂಟಿಕಣ್ಣಿನ ದುರ್ಬೀನು, ತರುತ್ತೇನೆ ಎಂದಿದ್ದಾನೆ. ಅವರ ಪ್ರಶ್ನೆ ಮೂರು: ತರಿಸಬಹುದೇ, ಆನೆ ಎಷ್ಟು ದೂರಕ್ಕೆ ಕಾಣುತ್ತದೆ, ತೋಟ ಉಳುವ ಕಾಡುಹಂದಿಗಳನ್ನು ಹೊಡೆಯಲೂ ಇದು ಆದೀತೇ?)

ಸಂಪಾದಕರ ಉತ್ತರ:

ಪ್ರಿಯರೆ,

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಾಲು. ‘ಟಾರ್ಚ್ ಬಿಟ್ಟರೆ ಆನೆಯ ಕಾಲು ಮಾತ್ರ ಕಂಡಿತು, ಅದನ್ನು ಸಿಲ್ವರ್ ಮರದ ಬುಡ ಎಂದುಕೊಂಡೆ’ ಎಂದು ಬರೆದಿದ್ದೀರಿ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಅಷ್ಟು ದೊಡ್ಡ ಪ್ರಾಣಿ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಸದ್ದಿರುವುದಿಲ್ಲ, ಮೈ ಬಣ್ಣ ಕತ್ತಲಿನದೇ. ಹಾಗಾಗಿ ಮೊದಲ ಮಾತು: ಈ ಉಪಕರಣ ನಿಮಗೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಹೇಗೆ, ಯಾರ ಕೈಯಲ್ಲಿ ಎನ್ನುವುದು ಮುಖ್ಯ.

ಇದು ಬೆಳಕನ್ನು ನೋಡುವ ಯಂತ್ರವಲ್ಲ. ಮೈಶಾಖ ಇರುವ ಪ್ರತಿಯೊಂದು ಜೀವಿಯೂ ಕಣ್ಣಿಗೆ ಕಾಣದ ಅವಕೆಂಪು ಕಿರಣ ಸೂಸುತ್ತಿರುತ್ತದೆ. ಮನುಷ್ಯನಿಗೋ ಆನೆಗೋ ಅದು ಹೆಚ್ಚು ತೀವ್ರವಾಗಿರುವುದು 9–10 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತರಂಗದ ಆಸುಪಾಸಿನಲ್ಲಿ. ವಿಲಿಯಂ ಹರ್ಶೆಲ್ 1800ರಲ್ಲಿ ಸೂರ್ಯನ ಬೆಳಕಿನಲ್ಲಿ ಈ ಕಿರಣವನ್ನು ಗುರುತಿಸಿದ. 1880ರ ಸುಮಾರಿಗೆ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬೋಲೋಮೀಟರ್ ಎಂಬ ಸಾಧನ ಮಾಡಿದ. ಶಾಖ ತಗುಲಿದರೆ ಅದರ ಲೋಹದ ಪಟ್ಟಿಯ ವಿದ್ಯುತ್ ರೋಧ ಬದಲಾಗುತ್ತಿತ್ತು. ಕಾಲು ಮೈಲಿ ದೂರದ ಹಸುವಿನ ಮೈಶಾಖವನ್ನೂ ಅದು ಹಿಡಿಯುತ್ತಿತ್ತು ಎನ್ನುತ್ತಾರೆ. ಇವತ್ತು ಅಂಗೈಯಲ್ಲಿ ಹಿಡಿಯುವ ಮೊನಾಕ್ಯುಲರ್‌ನ ಒಳಗೆ ಇರುವುದು ಅದೇ ಬೋಲೋಮೀಟರಿನ ಮರಿಗಳು, ಲಕ್ಷದಷ್ಟು ಸಂಖ್ಯೆಯಲ್ಲಿ, ಒಂದೊಂದೂ 12 ಮೈಕ್ರಾನ್ ಅಗಲ. ಇವೆಲ್ಲ ಸೇರಿದ್ದೇ ಸೆನ್ಸರ್. ಮುಂದಿನ ಲೆನ್ಸ್ ಗಾಜಿನದಲ್ಲ, ಜರ್ಮೇನಿಯಂನದು. ಗಾಜು ಈ ಕಿರಣವನ್ನು ಒಳಗೆ ಬಿಡುವುದೇ ಇಲ್ಲ. ಮನೆಯ ಕಿಟಕಿ ಮುಚ್ಚಿ ಗಾಜಿನ ಹಿಂದಿನಿಂದ ನೋಡಿದರೆ ಅಂಗಳದಲ್ಲಿ ಆನೆ ನಿಂತಿದ್ದರೂ ಕಾಣುವುದು ಗಾಜು ಮಾತ್ರ. ಜೀಪಿನ ಗಾಜಿಗೂ ಇದೇ ಮಾತು.

ಕಳೆದ ವರ್ಷ ಜನವರಿಯ ಒಂದು ರಾತ್ರಿ ಸಕಲೇಶಪುರದ ಕಡೆ ಸ್ನೇಹಿತರ ತೋಟದಲ್ಲಿ ನಾನು ಇದನ್ನು ಕಣ್ಣಿಗಿಟ್ಟು ನೋಡಿದೆ. ಕಣದ ಅಂಚಿನ ಬಂಡೆ ಬೆಳ್ಳಗೆ ಹೊಳೆಯಿತು, ಹಗಲಿನ ಬಿಸಿಲನ್ನು ಇನ್ನೂ ಹಿಡಿದಿತ್ತು. ಗದ್ದೆಯ ಬದುವಿನಲ್ಲಿ ಮೊಲವೊಂದು ಅಕ್ಕಿಕಾಳಿನಂತೆ ಓಡಿತು. ಆಮೇಲೆ ಬೈನೆ ಮರದ ಪಕ್ಕ ಮಸುಕಾದ ಒಂದು ಗೋಡೆ. ಗೋಡೆಯ ಒಂದು ಬದಿ ನಿಧಾನವಾಗಿ ಬೀಸಿದಾಗ ಅದು ಕಿವಿ ಎಂದು ತಿಳಿಯಿತು. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ. ಸ್ನೇಹಿತರ ರೈಟರ್ (ತೋಟದ ಕೆಲಸದ ಮೇಲ್ವಿಚಾರಕರು) ದಾರಿಯಲ್ಲಿದ್ದ ಬಿಳಿ ಗುಡ್ಡೆಗಳನ್ನು ತೋರಿಸಿದರು: ಈಗಷ್ಟೇ ಬಿದ್ದ ಲದ್ದಿ, ಬಿಸಿ ಆರಿಲ್ಲ. ಆನೆ ಕಾಣದಿದ್ದರೂ ಲದ್ದಿ ಹೊಳೆಯುತ್ತಿದ್ದರೆ ಹಿಂದಿರುಗಿ ಎಂದರು. ಇದನ್ನು ಯಾವ ಕಂಪನಿಯ ಕೈಪಿಡಿಯಲ್ಲೂ ನಾನು ಓದಿರಲಿಲ್ಲ.

ಈಗ ದೂರದ ಪ್ರಶ್ನೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಮೀಟರ್ ಲೆಕ್ಕವನ್ನು ದಯವಿಟ್ಟು ನಂಬಿ ಕೂರಬೇಡಿ. ಅದು ‘ಏನೋ ಇದೆ’ ಎಂದು ತಿಳಿಯುವ ದೂರ. ಏನೋ ಇದೆ, ಪ್ರಾಣಿ ಇದೆ, ಇಂಥದೇ ಪ್ರಾಣಿ ಎಂಬ ಮೂರು ಹಂತಗಳನ್ನು ಜಾನ್ ಜಾನ್ಸನ್ ಎಂಬ ಅಮೆರಿಕದ ವಿಜ್ಞಾನಿ 1958ರಲ್ಲೇ ಬೇರ್ಪಡಿಸಿ ಲೆಕ್ಕ ಕೊಟ್ಟಿದ್ದಾನೆ. ಕಂಪನಿಗಳು ಅಚ್ಚು ಹಾಕುವುದು ಮೊದಲನೆಯದನ್ನು. 15 ಮಿ.ಮೀ. ಲೆನ್ಸ್, 12 ಮೈಕ್ರಾನ್ ಸೆನ್ಸರ್ ಇರುವ ಉಪಕರಣದಲ್ಲಿ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕೆ, 100 ಮೀಟರ್ ದೂರದಲ್ಲಿ 8 ಸೆಂ.ಮೀ. ಜಾಗವನ್ನು ತುಂಬುತ್ತದೆ. ಎರಡೂವರೆ ಮೀಟರ್ ಎತ್ತರದ ಆನೆ ಅಲ್ಲಿ ಸುಮಾರು 30 ಚುಕ್ಕೆ ಎತ್ತರ, ಚೆನ್ನಾಗಿ ಗುರುತು ಸಿಗುತ್ತದೆ. 300 ಮೀಟರ್‌ನಲ್ಲಿ ಹತ್ತೇ ಚುಕ್ಕೆ. ಅದೇ ಉಪಕರಣದ ಡಬ್ಬಿಯಲ್ಲಿ 700 ಮೀಟರ್ ಎಂದಿದ್ದರೆ, ಆ ದೂರದಲ್ಲಿ ನಿಂತ ಮನುಷ್ಯ ಪರದೆಯ ಮೇಲೆ ಮೂರು ಚುಕ್ಕೆಗಿಂತ ಹೆಚ್ಚಿರುವುದಿಲ್ಲ. ಅವನು ನಿಮ್ಮ ಆಳೋ ಕಂಬವೋ ಎಂದು ಯಾರೂ ಹೇಳಲಾರರು.

ಹಾಗಾದರೆ 35 ಮಿ.ಮೀ. ಲೆನ್ಸ್ ತೆಗೆದುಕೊಳ್ಳಲೇ ಎಂದು ನೀವು ಕೇಳಬಹುದು. ಬೇಡ. ಅದು ಟೆಕ್ಸಾಸ್‌ನ ಬಯಲಿಗೆ ಸರಿ. 384 ಪಿಕ್ಸೆಲ್ ಅಗಲದ ಸೆನ್ಸರ್‌ಗೆ 35 ಮಿ.ಮೀ. ಲೆನ್ಸ್ ಹಾಕಿದರೆ 100 ಮೀಟರ್‌ನಲ್ಲಿ ಕಾಣುವುದು ಬರೀ 13 ಮೀಟರ್ ಅಗಲದ ಕಿಂಡಿ. 15ರ ಲೆನ್ಸ್‌ನಲ್ಲಿ 30 ಮೀಟರ್. ತೋಟದ ದಾರಿಯಲ್ಲಿ ಅಪಾಯ ಬರುವುದು ಮೂವತ್ತು ನಲವತ್ತು ಮೀಟರ್‌ನೊಳಗೆ, ಅದೂ ಪಕ್ಕದಿಂದ. ಅಗಲವಾಗಿ ಕಾಣುವುದೇ ನಿಮಗೆ ಬೇಕಾದದ್ದು. 256 ಪಿಕ್ಸೆಲ್‌ನದು ಅಗ್ಗ, ಸಾಧ್ಯವಾದರೆ 384ರದ್ದೇ ಕೊಳ್ಳಿ. ಸೆಕೆಂಡಿಗೆ 25 ಅಥವಾ 50 ಚಿತ್ರ ತೋರಿಸುವಂಥದು ಇರಲಿ. 9ರದ್ದಾದರೆ ತಲೆ ತಿರುಗಿಸಿದಂತೆ ಚಿತ್ರ ಎಳೆದಾಡುತ್ತದೆ. ಆಗಾಗ ಕ್ಲಿಕ್ ಎಂದು ಸದ್ದಾಗಿ ಚಿತ್ರ ಒಂದು ಕ್ಷಣ ನಿಂತರೆ ಕೆಟ್ಟಿತೆಂದು ಗಾಬರಿ ಬೇಡ, ಒಳಗಿನ ಶಟರ್ ಮುಚ್ಚಿ ಸೆನ್ಸರನ್ನು ಸರಿಮಾಡಿಕೊಳ್ಳುತ್ತಿರುತ್ತದೆ.

ಇದಕ್ಕೆ ಕಾಣದ್ದೂ ಬಹಳ ಇದೆ, ಅದನ್ನು ತಿಳಿಯದವರಿಗೆ ಈ ಉಪಕರಣವೇ ಅಪಾಯ. ಎಲೆಯ ಹಿಂದೆ ಇದು ನೋಡಲಾರದು. ಕಾಫಿ ಗಿಡ ಎದೆಯೆತ್ತರ ದಟ್ಟವಾಗಿದ್ದರೆ, ಅದರ ಹಿಂದೆ ಮಲಗಿದ ಹಂದಿಯಾಗಲಿ, ಬಾಗಿ ನಿಂತ ಮರಿಯಾನೆಯಾಗಲಿ ಕಾಣುವುದಿಲ್ಲ. ಸಂದಿನಲ್ಲಿ ಒಂದು ಬಿಳಿ ಚೂರು ಕಂಡರೂ ಅದನ್ನು ಆನೆ ಎಂದೇ ತಿಳಿಯಬೇಕು. ದಟ್ಟ ಮಂಜಿನಲ್ಲಿ, ಜೋರು ಮಳೆಯಲ್ಲಿ ಚಿತ್ರ ಮಂಕಾಗುತ್ತದೆ. ಅಂದರೆ ಆಷಾಢದ ರಾತ್ರಿ ಇದನ್ನು ನೆಚ್ಚುವಂತಿಲ್ಲ. ಬೆಳಗ್ಗೆ ಸಂಜೆ ನೆಲ, ಕಲ್ಲು, ಮರ, ಮೈ ಎಲ್ಲದರ ಶಾಖ ಹತ್ತಿರ ಹತ್ತಿರ ಬರುವ ಹೊತ್ತೊಂದಿದೆ. ಆಗಲೂ ಆನೆ ಹಿನ್ನೆಲೆಯಲ್ಲಿ ಕರಗಿದಂತಾಗುತ್ತದೆ. ಕಾರ್ಮಿಕರ ಲೈನ್ ಮನೆಯಿಂದ ಹೆಂಗಸರು ಕೆಲಸಕ್ಕೆ ಹೊರಡುವುದು ಸರಿಯಾಗಿ ಆ ಹೊತ್ತಿಗೆ ಎನ್ನುವುದು ನನ್ನನ್ನು ಕಾಡುತ್ತದೆ. ಇನ್ನೊಂದು: ಪರದೆಯ ಬೆಳಕಿಗೆ ಒಂದು ಕಣ್ಣು ಕುರುಡಾದಂತಾಗುತ್ತದೆ. ಹೊಳಪನ್ನು ಕನಿಷ್ಠಕ್ಕೆ ಇಳಿಸಿ, ನಿಂತು ನೋಡಿ, ಉಪಕರಣವನ್ನು ಕಣ್ಣಿನಿಂದ ಕೆಳಗಿಳಿಸಿ, ಆಮೇಲೆ ನಡೆಯಿರಿ. ಕಣ್ಣಿಗೆ ಹಿಡಿದುಕೊಂಡೇ ನಡೆಯಬಾರದು.

ಅಕ್ಕನ ಮಗನಿಗೆ ಸೂಟ್‌ಕೇಸಿನಲ್ಲಿ ತರಬೇಡ ಎಂದು ಇವತ್ತೇ ಹೇಳಿ. ಥರ್ಮಲ್ ಕ್ಯಾಮೆರಾಗಳು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟ ವಸ್ತುಗಳು, ಉಡುಗೊರೆ ಎಂದು ದೇಶದಾಚೆ ಒಯ್ದರೂ ಪರವಾನಗಿಯ ಪ್ರಶ್ನೆ ಬರುತ್ತದೆ. ಪ್ರೀತಿಯಿಂದ ತರುವ ಹುಡುಗ ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಳ್ಳಬಾರದು. ಬಿಲ್, ಗ್ಯಾರಂಟಿ ಕೊಡುವವರಿಂದ ಇಲ್ಲೇ ಕೊಳ್ಳಿ.

ಹಂದಿಯ ವಿಚಾರದಲ್ಲಿ ನಿಮಗೆ ಬೇಸರವಾದರೂ ಸ್ಪಷ್ಟವಾಗಿಯೇ ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ಹಂದಿ ಹೊರಗಿನಿಂದ ಬಂದ ಪ್ರಾಣಿ. ಸ್ಪೇನಿನವರು 16ನೇ ಶತಮಾನದಲ್ಲಿ ತಂದ ಹಂದಿಗಳ ಸಂತತಿಯೂ ಅದರಲ್ಲಿದೆ. ಅಲ್ಲಿ 2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹಂದಿ ಹೊಡೆಯಲು ಬೇಟೆ ಲೈಸೆನ್ಸೂ ಬೇಕಿಲ್ಲ. ನಮ್ಮ ಹಂದಿ ನಮ್ಮ ಕಾಡಿನದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸಿದೆ. ಉರುಲು ಹಾಕುವುದು, ಹೊಡೆಯಲು ಯತ್ನಿಸುವುದು ಕೂಡ ಅದರ ಲೆಕ್ಕದಲ್ಲಿ ಬೇಟೆಯೇ. ಬೆಳೆ ಹಾಳುಮಾಡುವ ಪ್ರಾಣಿಯ ವಿಷಯದಲ್ಲಿ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಅನುಮತಿ ಬೇಕು, ಅದಿಲ್ಲದೆ ಕೋವಿ ಎತ್ತುವಂತಿಲ್ಲ. ‘ನಮಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲವಲ್ಲ’ ಎಂದು ಬರೆದಿದ್ದೀರಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜೆಗಿಡುವ ಆ ಕೋವಿಗೆ ಇರುವ ಗೌರವ ಬೇರೆ, ರಾತ್ರಿ ಥರ್ಮಲ್ ಹಿಡಿದು ಮೂರು ಚುಕ್ಕೆಗೆ ಗುಂಡು ಹಾರಿಸುವುದು ಬೇರೆ. ಆ ಮೂರು ಚುಕ್ಕೆ ಮೋಟಾರ್ ಹಾಕಲು ಹೋದ ನಿಮ್ಮವರೇ ಆಗಿರಬಹುದು.

ಆನೆಯನ್ನು ಕಂಡ ಮೇಲೆ ಏನು ಮಾಡುವುದು? ಹಿಂದಿರುಗುವುದು, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗೆ ಫೋನ್ ಮಾಡುವುದು, ಅಂದಿನ ನೀರನ್ನು ಬಿಟ್ಟುಬಿಡುವುದು. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಅಂದಾಜು 6,395. ಅವು ಹಲಸು, ಬಾಳೆ, ಬೈನೆ ಇರುವ ಕಡೆ ಬಂದೇ ಬರುತ್ತವೆ. ಉಪಕರಣವಿದೆ ಎಂಬ ಧೈರ್ಯದಲ್ಲಿ ಇನ್ನೂ ಹತ್ತು ಹೆಜ್ಜೆ ಹತ್ತಿರ ಹೋಗುವುದೇ ನನಗಿರುವ ದೊಡ್ಡ ಭಯ.

ಪತ್ರದ ಕೊನೆಯಲ್ಲಿ, ‘ದುಬಾರಿ ವಸ್ತು, ಬಂಗಲೆಯಲ್ಲಿ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ’ ಎಂದಿದ್ದೀರಿ. ಇದೊಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನೀವೇ ಬರೆದಂತೆ ರಾತ್ರಿ ಎರಡಕ್ಕೆ ಹೆಚ್ಚಿನ ದಿನ ಕೆರೆಗೆ ಹೋಗುವವರು ನಿಮ್ಮ ಪಂಪ್ ನೋಡಿಕೊಳ್ಳುವ ಆಳು. ಬೆಳಗ್ಗೆ ದಾರಿ ತೆರೆಯುವವರು ರೈಟರ್. ಉಪಕರಣ ಅವರ ಕೈಯಲ್ಲಿರಲಿ. ಒಂದು ವಾರ ಸಂಜೆ ಕಣದಲ್ಲಿ ನಿಲ್ಲಿಸಿ ದನ, ನಾಯಿ, ಬಂಡೆ, ಮನುಷ್ಯ ಹೇಗೆ ಕಾಣುತ್ತಾರೆಂದು ತೋರಿಸಿಕೊಡಿ. ಬ್ಯಾಟರಿ ದಿನಾ ಚಾರ್ಜಿಗೆ ಹಾಕುವುದು ಯಾರ ಕೆಲಸ ಎಂದು ಗೊತ್ತುಮಾಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟರೆ ಲೆನ್ಸ್‌ಗೆ ಬೂಷ್ಟು ಹಿಡಿಯದು. ಕೈಗೆ ಸುತ್ತುವ ಪಟ್ಟಿಯನ್ನು ಅವರ ಮಣಿಕಟ್ಟಿನ ಅಳತೆಗೇ ಬಿಗಿ ಮಾಡಿಸಿ.

— ಸಂ.