‘ಸಾದಾ ಉಡುಪಿನಲ್ಲಿ ಬನ್ನಿ’ ಎಂದರೆ ಯಾವ ಉಡುಪು? ಜಪಾನಿನ ಸಾವಿನ ಮನೆಗೆ ಹೋಗುವ ಮುನ್ನ

ಪ್ರಶ್ನೆ: ನಾವು ಆರು ವರ್ಷಗಳಿಂದ ಯೊಕೊಹಾಮಾದಲ್ಲಿದ್ದೇವೆ. ನಮ್ಮನ್ನು ಮನೆಮಕ್ಕಳಂತೆ ಕಂಡ ಮನೆಯ ಮಾಲೀಕರು ಕಳೆದ ತಿಂಗಳು ತೀರಿಕೊಂಡರು. ಅಂತ್ಯಸಂಸ್ಕಾರವನ್ನು ಮನೆಯವರಷ್ಟೇ ಸೇರಿ ಮುಗಿಸಿದರು. ಈಗ 49ನೇ ದಿನದ ಬೌದ್ಧ ವಿಧಿಗೂ ಆನಂತರದ ಊಟಕ್ಕೂ ನಮ್ಮಿಬ್ಬರನ್ನು ಕರೆದಿದ್ದಾರೆ. ಪತ್ರದಲ್ಲಿ ‘ಹೇಫುಕುವಿನಲ್ಲಿ ಬನ್ನಿ’ ಎಂದಿದೆ. ನಿಘಂಟಿನಲ್ಲಿ ನೋಡಿದರೆ ದಿನನಿತ್ಯದ ಉಡುಪು ಎಂಬ ಅರ್ಥವಿದೆ. ನನ್ನ ಹೆಂಡತಿ ಊರಿನ ರೂಢಿಯಂತೆ ಬಿಳಿ ಹತ್ತಿ ಸೀರೆ ಉಡಬೇಕೆಂದಿದ್ದಾಳೆ. ಕಪ್ಪು ಉಡಲು ಅವಳಿಗೆ ಮನಸ್ಸಿಲ್ಲ. ಏನು ಮಾಡಬೇಕು?

ಉತ್ತರ: ನಿಘಂಟು ಹೇಳುವುದು ತಪ್ಪಲ್ಲ, ಆದರೆ ಆ ಅರ್ಥವನ್ನು ನಂಬಿ ಹೊರಟರೆ ನೀವು ಖಂಡಿತ ಮುಜುಗರಕ್ಕೆ ಒಳಗಾಗುತ್ತೀರಿ. ಜಪಾನಿನಲ್ಲಿ ‘ಮೋಫುಕು’ ಎನ್ನುವ ಸೂತಕದ ಉಡುಗೆಗೆ ಮೂರು ದರ್ಜೆಗಳಿವೆ. ಮೊದಲನೆಯದು ಮನೆಯವರು ತೊಡುವ, ಐದು ಕಡೆ ಕುಲಚಿಹ್ನೆಯಿರುವ ಕಪ್ಪು ಕಿಮೊನೊ ಅಥವಾ ಅದಕ್ಕೆ ಸಮನಾದ ಪಾಶ್ಚಾತ್ಯ ಉಡುಪು. ಎರಡನೆಯದು ಬಂದವರು ಸಾಮಾನ್ಯವಾಗಿ ತೊಡುವ ಅಚ್ಚ ಕಪ್ಪು ಸೂಟು ಅಥವಾ ಕಪ್ಪು ಉಡುಪು. ಮೂರನೆಯದು ಗಾಢ ಬೂದು, ಕಡುನೀಲಿ ಅಥವಾ ಕಪ್ಪು ಬಣ್ಣದ ಅಲಂಕಾರವಿಲ್ಲದ ಉಡುಪು. ಪತ್ರದಲ್ಲಿರುವ ‘ಹೇಫುಕು’ ಈ ಮೂರನೆಯದನ್ನು ಸೂಚಿಸುತ್ತದೆ. ನಿಮಗೆ ಹೆಚ್ಚಿನ ತೊಂದರೆಯಾಗದಿರಲಿ ಎಂಬ ಸೌಜನ್ಯದಿಂದ ಮನೆಯವರು ಒಂದು ಮೆಟ್ಟಿಲು ಇಳಿದು ಕರೆದಿದ್ದಾರೆ, ಅಷ್ಟೇ. ‘ಊಟಕ್ಕೇನೂ ವಿಶೇಷವಿಲ್ಲ, ಸುಮ್ಮನೆ ಬನ್ನಿ’ ಎಂದು ನಮ್ಮಲ್ಲಿ ಕರೆದಾಗ ನಾವು ಬರಿಗೈಯಲ್ಲಿ ಹೋಗುತ್ತೇವೆಯೇ? ಇದೂ ಹಾಗೆಯೇ. ನೀವು ಕಪ್ಪು ಅಥವಾ ಕಡುನೀಲಿ ಸೂಟು, ಬಿಳಿ ಅಂಗಿ, ಹೊಳಪಿಲ್ಲದ ಕಪ್ಪು ಟೈ, ಕಪ್ಪು ಕಾಲುಚೀಲ ಧರಿಸಿರಿ. ದೇವಸ್ಥಾನದೊಳಗೆ ಬೂಟು ಬಿಚ್ಚಬೇಕಾಗಬಹುದಾದ್ದರಿಂದ ಕಾಲುಚೀಲವೂ ಕಣ್ಣಿಗೆ ಬೀಳುತ್ತದೆ.

ನಿಮ್ಮ ಪತ್ನಿಯ ಬಿಳಿ ಸೀರೆಯ ವಿಚಾರವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಅವರ ಭಾವನೆ ಜಪಾನಿನ ಹಳೆಯ ಪದ್ಧತಿಗೆ ಅವರಿಗೇ ತಿಳಿಯದಂತೆ ಹತ್ತಿರವಾಗಿದೆ. ಪ್ರಾಚೀನ ಹೇಯನ್ ಕಾಲದ ಅರಮನೆಯವರು ಸೂತಕದಲ್ಲಿ ಮಂಕು ಬೂದು ಬಣ್ಣ ತೊಡುತ್ತಿದ್ದರೂ, ಆನಂತರದ ಶತಮಾನಗಳಲ್ಲಿ ಜನಸಾಮಾನ್ಯರ ಶೋಕದ ಬಣ್ಣ ಬಿಳಿಯೇ ಆಗಿತ್ತು. ಮೇಜಿ ಆಳ್ವಿಕೆಯಲ್ಲಿ ಪಾಶ್ಚಾತ್ಯ ರಾಜಮನೆತನಗಳ ರೀತಿಯನ್ನು ಅನುಸರಿಸಿ ಕಪ್ಪು ಒಳಬಂದಿತು. 1897ರಲ್ಲಿ ರಾಜಮಾತೆ ಎಯ್‌ಶೋ ಅವರ ಅಂತ್ಯಕ್ರಿಯೆ, 1912ರಲ್ಲಿ ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆ ಅದನ್ನು ಗಟ್ಟಿಗೊಳಿಸಿದವು. ಹಳ್ಳಿಗಳಲ್ಲಿ ಬಿಳಿ ಇನ್ನೂ ಬಹುಕಾಲ ಉಳಿದಿತ್ತು. ಹಾಗಾಗಿ ಅಲ್ಲಿ ಕಪ್ಪು ಎಂಬುದು ನಾವು ಅಂದುಕೊಳ್ಳುವಷ್ಟು ಹಳೆಯ ಸಂಪ್ರದಾಯವಲ್ಲ.

ಆದರೂ ಬಿಳಿ ಸೀರೆ ಬೇಡವೆಂದೇ ನನ್ನ ಸಲಹೆ. ಇಂದು ಬೌದ್ಧ ಅಂತ್ಯಕ್ರಿಯೆಯಲ್ಲಿ ಬಿಳಿ ಉಡುಪು ಉಳಿದಿರುವುದು ಮೃತರ ಮೈಮೇಲೆ. ತೀರ್ಥಯಾತ್ರೆಗೆ ಹೊರಟವರಂತೆ ಅವರಿಗೆ ಬಿಳಿಯ ನಿಲುವಂಗಿ ತೊಡಿಸುತ್ತಾರೆ, ಅದೂ ಬದುಕಿರುವವರು ತೊಡುವುದಕ್ಕೆ ವಿರುದ್ಧವಾಗಿ, ಬಲಗಡೆಯ ಮಡಿಕೆ ಮೇಲೆ ಬರುವಂತೆ. ಮೃತರ ಸ್ನಾನಕ್ಕೆ ಬಿಸಿನೀರಿಗೆ ತಣ್ಣೀರು ಬೆರೆಸದೆ, ತಣ್ಣೀರಿಗೆ ಬಿಸಿನೀರು ಬೆರೆಸುವ ರೂಢಿಯೂ ಇದೆ. ಪಿತೃಕಾರ್ಯದಲ್ಲಿ ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವುದನ್ನು ಕಂಡ ನಮ್ಮವರಿಗೆ ಈ ತಿರುವುಮುರುವಿನ ಹಿಂದಿರುವ ಭಾವವನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಪ್ಪಿನ ಬಗ್ಗೆ ಅವರಿಗಿರುವ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುತ್ತೈದೆಯರು ಕಪ್ಪು ಉಡಬಾರದೆಂದು ಕೇಳಿಕೊಂಡೇ ಬೆಳೆದವರು ನಾವು, ಅದೇ ಮುತ್ತೈದೆಯ ಕೊರಳಿನ ಕರಿಮಣಿ ಕಪ್ಪೇ ಆಗಿದ್ದರೂ. ಅವರಿಗೆ ಒಪ್ಪಿಗೆಯಾಗುವ ದಾರಿಯೊಂದಿದೆ: ಜರಿಯಿಲ್ಲದ, ಹೊಳಪಿಲ್ಲದ ಕಡುನೀಲಿ ಅಥವಾ ಗಾಢ ಬೂದು ಬಣ್ಣದ ಸೀರೆ, ಅದಕ್ಕೆ ಅದೇ ಬಣ್ಣದ ತೋಳಿರುವ ರವಿಕೆ. ಅತಿಥಿಯ ನಾಡಿನ ಉಡುಗೆಯನ್ನು ಅಲ್ಲಿ ಯಾರೂ ತಪ್ಪೆನ್ನುವುದಿಲ್ಲ; ಬಣ್ಣ ಮತ್ತು ಹೊಳಪನ್ನು ಮಾತ್ರ ಗಮನಿಸುತ್ತಾರೆ. ಮದುವೆಯ ಉಂಗುರವನ್ನು ಅಲ್ಲಿಯ ಹೆಂಗಸರೂ ತೆಗೆಯುವುದಿಲ್ಲವಾದ್ದರಿಂದ ತಾಳಿಯನ್ನೂ ತೆಗೆಯಬೇಕಾಗಿಲ್ಲ, ರವಿಕೆಯೊಳಗೆ ಸೇರಿಸಿಕೊಂಡರೆ ಸಾಕು. ಸದ್ದು ಮಾಡುವ ಬಳೆ ಬೇಡ. ಮುತ್ತಿನ ಸರ ಹಾಕುವುದಾದರೆ ಒಂದೆಳೆಯದೇ ಇರಲಿ, ಏಕೆಂದರೆ ಎರಡೆಳೆಯ ಸರ ದುಃಖದ ಮೇಲೆ ದುಃಖ ಬರುವುದರ ಸೂಚನೆ ಎಂದು ಭಾವಿಸುತ್ತಾರೆ.

ಇದೇ ಅಂಜಿಕೆ ಮಾತಿನಲ್ಲೂ ಇದೆ. ‘ಮತ್ತೆ ಮತ್ತೆ’, ‘ಪದೇ ಪದೇ’ ಎಂಬಂಥ ಜೋಡಿಪದಗಳನ್ನು ಶೋಕದ ಸಂದರ್ಭದಲ್ಲಿ ಆಡುವುದಿಲ್ಲ. ಕೃತಜ್ಞತೆ ಹೇಳುವಾಗ ಬಾಯಿಗೆ ಬರುವ, ‘ಮೇಲಿಂದ ಮೇಲೆ’ ಎಂಬ ಅರ್ಥದ ‘ಕಸನೆಗಸನೆ’ ಎಂಬ ಪದವನ್ನೂ ತಡೆದುಕೊಳ್ಳಬೇಕು. ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನದೆ ಸುಮ್ಮನೆ ಎದ್ದುಬರುವ ನಮಗೆ ಇದು ಹೊಸತಲ್ಲ.

ಹಣದ ಲಕೋಟೆಯ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಒಬ್ಬರಿಗೆ 5,000ದಿಂದ 10,000 ಯೆನ್ ಸಾಮಾನ್ಯ. ಊಟವೂ ಇರುವುದರಿಂದ ಹೆಚ್ಚಿನ ಮೊತ್ತದ ಕಡೆಗೇ ಇರಲಿ. 4 ಮತ್ತು 9 ಬರುವ ಮೊತ್ತ ಬೇಡ, ಅವುಗಳ ಉಚ್ಚಾರಣೆ ಸಾವನ್ನೂ ಸಂಕಟವನ್ನೂ ನೆನಪಿಸುತ್ತದೆ. ಮದುವೆ ಮುಯ್ಯಿಗೆ ನಾವು ಸೇರಿಸುವ ಒಂದು ರೂಪಾಯಿಯಂತೆ ಇಲ್ಲಿ ಏನನ್ನೂ ಸೇರಿಸಬೇಡಿ. ಲಕೋಟೆಗೆ ಕಟ್ಟಿರುವ ದಾರದ ಗಂಟು ಬಿಚ್ಚಲಾಗದಂತೆ ಬಿಗಿದಿರುವುದೇ ಇಂಥದ್ದು ಮರುಕಳಿಸದಿರಲಿ ಎಂದು. ಅಂತ್ಯಕ್ರಿಯೆಯ ದಿನದ ಲಕೋಟೆಯ ಮೇಲೆ ಕಣ್ಣೀರು ಬೆರೆತಿತೋ ಎಂಬಂತೆ ತೆಳು ಮಸಿಯಲ್ಲಿ ಹೆಸರು ಬರೆಯುತ್ತಾರೆ, 49ನೇ ದಿನಕ್ಕೆ ಎಂದಿನ ಗಾಢ ಮಸಿಯೇ ಸರಿ.

ಊಟದ ಮನೆಯಲ್ಲಿ ಒಂದು ಎಚ್ಚರ ಬೇಕು. ಪಕ್ಕದವರು ಕಡ್ಡಿಯಲ್ಲಿ ಹಿಡಿದ ತುಣುಕನ್ನು ನಿಮ್ಮ ಕಡ್ಡಿಯಿಂದ ತೆಗೆದುಕೊಳ್ಳಬೇಡಿ, ನೀವೂ ಹಾಗೆ ಕೊಡಬೇಡಿ. ದಹನವಾದ ಮೇಲೆ ಮನೆಯವರು ಇಬ್ಬಿಬ್ಬರಾಗಿ ಕಡ್ಡಿಗಳಲ್ಲಿ ಅಸ್ಥಿಯನ್ನು ಎತ್ತಿ ಕುಂಭದಲ್ಲಿ ಇಡುತ್ತಾರೆ. ಮೃತರು ಕುಂಭದೊಳಗೆ ನೆಟ್ಟಗೆ ನಿಂತಿರಲಿ ಎಂದು ಪಾದದ ಮೂಳೆಯಿಂದ ಆರಂಭಿಸಿ ತಲೆಯ ಕಡೆಗೆ ಬರುತ್ತಾರೆ; ಕೈಮುಗಿದು ಕುಳಿತ ಬುದ್ಧನಂತೆ ಕಾಣುವ ಕತ್ತಿನ ಮೂಳೆಯೊಂದನ್ನು ಕೊನೆಗೆ ಇಡುತ್ತಾರೆ. ನಿಮ್ಮ ಮಾಲೀಕರ ಹೆಂಡತಿ ಮಕ್ಕಳು ಕೆಲವೇ ವಾರಗಳ ಹಿಂದೆ ಇದನ್ನು ತಮ್ಮ ಕೈಯಾರೆ ಮಾಡಿರುತ್ತಾರೆ.

ಹೊರಡುವಾಗ ನಿಮ್ಮ ಕೈಗೆ ಒಂದು ಚೀಲ ಕೊಡುತ್ತಾರೆ. ಸಾವಿನ ಮನೆಯಿಂದ ಏನನ್ನೂ ತರಬಾರದೆಂಬ ನಮ್ಮ ರೂಢಿಯನ್ನು ನೆನೆದು ಬೇಡವೆನ್ನಬೇಡಿ. ಅದರಲ್ಲಿ ಹೆಚ್ಚಾಗಿ ಚಹಾ, ಸಕ್ಕರೆ, ಒಣಗಿಸಿದ ಕಡಲಪಾಚಿಯಂಥ ಬಳಸಿ ಮುಗಿಯುವ ವಸ್ತುಗಳೇ ಇರುತ್ತವೆ. ದುಃಖ ಮನೆಯಲ್ಲಿ ಉಳಿಯದಿರಲಿ ಎಂದು ಅಂಥವನ್ನೇ ಆರಿಸುತ್ತಾರೆ. ಎರಡೂ ಕೈಗಳಲ್ಲಿ ತೆಗೆದುಕೊಂಡು, ತಲೆಬಾಗಿ ಬನ್ನಿ.